ಓದಿದ ಪುಸ್ತಕಗಳಿಗೂ ಲೆಕ್ಕ ಯಾಕೆ?

ಜನವರಿ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಆಫೀಸಿನಲ್ಲಿ, ನೆಂಟರ ಮನೆಯಲ್ಲಿ, ಪುಸ್ತಕ ಬಿಡುಗಡೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತ ನಿಂತಿರುವಾಗ. 'ಹೋದ ವರ್ಷ ಎಷ್ಟು ಪುಸ್ತಕ ಓದಿದ್ರಿ ಮೇಡಂ?' ಎಂದು ಒಬ್ಬರು ಕೇಳುತ್ತಾರೆ. ನಾನು ಓದಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ ಎಂದು ಗೊತ್ತಿರುವವರದು ಇನ್ನೊಂದು ಪ್ರಶ್ನೆ: 'ಓದೋದು ಖುಷಿಗೆ ತಾನೆ, ಅದಕ್ಕೂ ಲೆಕ್ಕ ಯಾಕೆ?' ಇವರಲ್ಲಿ ಕೆಲವರಿಗೆ ನಿಜವಾಗಿಯೂ ಬೇಸರವಿರುತ್ತದೆ. ಸಂಬಳ, ಸಾಲದ ಕಂತು, ನಡೆದ ಹೆಜ್ಜೆ ಎಲ್ಲಕ್ಕೂ ಲೆಕ್ಕ ಇಡುವ ಈ ಕಾಲದಲ್ಲಿ ಓದನ್ನಾದರೂ ಹಾಗೇ ಬಿಡಬಾರದೇ ಎನ್ನುತ್ತಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ನಾನು ಲೆಕ್ಕ ಇಡುತ್ತೇನೆ, ಇಡಿ ಎಂದು ಬೇರೆಯವರಿಗೂ ಹೇಳುತ್ತೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಚಾಳಿ ಅಲ್ಲ. ಚಾರ್ಲ್ಸ್ ಡಾರ್ವಿನ್ 1838ರಿಂದ 1860ರವರೆಗೆ ತಾನು ಓದಿದ ಪುಸ್ತಕಗಳಿಗೆ ಒಂದು ಪಟ್ಟಿ, ಓದಬೇಕಾದವುಗಳಿಗೆ ಇನ್ನೊಂದು ಪಟ್ಟಿ ಇಟ್ಟುಕೊಂಡಿದ್ದ. 1922ರ ಮಾರ್ಚಿನಲ್ಲಿ ಆರು ವರ್ಷದ ಶಿಕ್ಷೆಯಾಗಿ ಯರವಡಾ ಜೈಲು ಸೇರಿದ ಗಾಂಧೀಜಿಯವರ ಜೈಲು ದಿನಚರಿಯಲ್ಲಿ ಯಾವ ಪುಸ್ತಕ ಮುಗಿಯಿತು ಎಂಬ ಟಿಪ್ಪಣಿಗಳು ಸಿಗುತ್ತವೆ. 1924ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಮೇಲೆ 'ಯಂಗ್ ಇಂಡಿಯಾ'ದಲ್ಲಿ ಜೈಲಿನ ಅನುಭವ ಬರೆಯುವಾಗ, ಅಲ್ಲಿ ಮಾಡಿದ ಓದಿನ ಬಗ್ಗೆಯೂ ಅವರು ಬರೆದರು. ಗಿಬ್ಬನ್ನನ ರೋಮ್ ಚರಿತ್ರೆಯೂ ಅದರಲ್ಲಿದೆ, ಮಹಾಭಾರತವೂ ಇದೆ. ಯಾರಿಗೋ ತೋರಿಸಬೇಕೆಂದು ಇವರ್ಯಾರೂ ಬರೆದಿಡಲಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮಮ್ಮನ ವಾರಗೆಯ ಹೆಂಗಸರು ಲೆಕ್ಕ ಇಟ್ಟ ಬಗೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಗ ಊರೂರಲ್ಲಿ, ಬೆಂಗಳೂರು ಮೈಸೂರಿನ ಬಡಾವಣೆ ಬಡಾವಣೆಯಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವು. ದಿನಕ್ಕಿಷ್ಟು ಎಂದು ಬಾಡಿಗೆ. ರಟ್ಟು ಹಾಕಿ ಬೈಂಡ್ ಮಾಡಿಸಿದ ಕಾದಂಬರಿಗಳು, ಬೆನ್ನಿನ ಮೇಲೆ ನಂಬರು. ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ. ಸಾಯಿಸುತೆಯವರೊಬ್ಬರೇ ನೂರಕ್ಕೂ ಮಿಕ್ಕಿ ಕಾದಂಬರಿ ಬರೆದಿದ್ದಾರೆ, ಅ.ನ.ಕೃ. ಅವರದೂ ಹಾಗೆಯೇ. ಅಷ್ಟರಲ್ಲಿ ಯಾವುದು ಓದಿದ್ದು, ಯಾವುದು ಓದದ್ದು ಎಂದು ನೆನಪಿಡುವುದು ಯಾರಿಗೆ ಸಾಧ್ಯ? ಅದಕ್ಕೆ ಒಬ್ಬೊಬ್ಬರು ಒಂದೊಂದು ಗುಟ್ಟಿನ ಗುರುತು ಮಾಡಿಕೊಂಡಿದ್ದರು. ಒಬ್ಬರು 31ನೇ ಪುಟದ ಅಂಕಿಯ ಸುತ್ತ ಪೆನ್ಸಿಲಿನಲ್ಲಿ ಸೊನ್ನೆ ಸುತ್ತುವರು. ಇನ್ನೊಬ್ಬರು ಕೊನೆಯ ಪುಟದ ಕೆಳಗೆ ತಮ್ಮ ಹೆಸರಿನ ಮೊದಲಕ್ಷರವನ್ನು ಇರುವೆಯಷ್ಟು ಸಣ್ಣಗೆ ಬರೆಯುವರು. ಅಮ್ಮ ಅಂಗಡಿಯಲ್ಲಿ ನಿಂತು ಪುಸ್ತಕ ಕೈಗೆ ತಗೊಂಡರೆ ಹೆಸರನ್ನೂ ಸರಿಯಾಗಿ ನೋಡುತ್ತಿರಲಿಲ್ಲ. ನೇರ ತನ್ನ ಪುಟಕ್ಕೆ ಹೋಗಿ, ಗುರುತಿದ್ದರೆ 'ಇದಾಗಿದೆ' ಎಂದು ಪಕ್ಕಕ್ಕಿಡುತ್ತಿದ್ದಳು. ಒಂದೇ ಪುಸ್ತಕದಲ್ಲಿ ಐದಾರು ಜನರ ಗುರುತು ಸಿಗುತ್ತಿತ್ತು. ಯಾವ ಗುರುತು ಯಾವ ಮನೆಯವರದ್ದೆಂದು ಅಮ್ಮನಿಗೆ ಗೊತ್ತಿತ್ತು. ತನಗೆ ಮೆಚ್ಚಿಗೆಯಾದ ಪುಸ್ತಕದಲ್ಲಿ ಎದುರು ಮನೆ ಆಂಟಿಯ ಗುರುತು ಕಂಡರೆ ಸಂಜೆ ಗೇಟಿನ ಹತ್ತಿರ ಅದೇ ಮಾತು.

ಆ ಹೆಂಗಸರನ್ನು ಸಾಹಿತ್ಯದ ಓದುಗರೆಂದು ಯಾರೂ ಗಂಭೀರವಾಗಿ ಎಣಿಸಲಿಲ್ಲ. ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಯ ಹಾಳೆಗಳನ್ನು ಕಿತ್ತು, ಜೋಡಿಸಿ, ದಬ್ಬಳದಲ್ಲಿ ಹೊಲಿದು ಪುಸ್ತಕ ಮಾಡಿಟ್ಟವರೂ ಇವರೇ. ಕನ್ನಡ ಕಾದಂಬರಿಯನ್ನು ದಶಕಗಟ್ಟಲೆ ಸಾಕಿದ ಓದು ಅದು. ಲೈಬ್ರರಿಗಳು ಮುಚ್ಚಿದಾಗ ಪುಸ್ತಕಗಳು ತೂಕಕ್ಕೆ ಹೋದವು, ಗುರುತುಗಳೂ ಅವುಗಳ ಜೊತೆಗೇ ಹೋದವು. ನಾನು ಬರೆದಿಡುವುದಕ್ಕೆ ಇದೂ ಒಂದು ಕಾರಣ.

ಇನ್ನು 'ಎಷ್ಟು' ಎಂಬ ಪ್ರಶ್ನೆ. ಐವತ್ತರ ಆಸುಪಾಸು, ಕೆಲವು ವರ್ಷ ಅದಕ್ಕಿಂತ ಬಹಳ ಕಡಿಮೆ. ಆದರೆ ಈ ಸಂಖ್ಯೆಯನ್ನು ನಂಬಬೇಡಿ ಎಂದೇ ನಾನು ಹೇಳುವುದು. 1967ರಲ್ಲಿ ಬಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ನನ್ನ ಪಟ್ಟಿಯಲ್ಲಿ ಒಂದು ಸಾಲು. ಸಂಜೆ ಕೂತು ಎದ್ದೇಳುವುದರೊಳಗೆ ಮುಗಿಯುವ ಕೈಲಾಸಂ ನಾಟಕವೂ ಒಂದು ಸಾಲು. ದಪ್ಪ ಕಡಿಮೆಯಿದ್ದರೆ ಬೇಗ ಮುಗಿಯುತ್ತದೆ ಎಂದೂ ಇಲ್ಲ. ದೇವನೂರ ಮಹಾದೇವ ಅವರ 'ಕುಸುಮಬಾಲೆ' ಕೈಯಲ್ಲಿ ಹಿಡಿದರೆ ಹಗುರ. ಆದರೆ ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಹೊಸೆದ ಆ ಗದ್ಯವನ್ನು ಬಾಯಿಬಿಟ್ಟು ಓದಬೇಕು, ಓದಿದ್ದನ್ನೇ ಮತ್ತೆ ಓದಬೇಕು. ನನಗೆ ಅದು ವಾರಗಟ್ಟಲೆ ಹಿಡಿಯಿತು, ಹಿಡಿದದ್ದು ಒಳ್ಳೆಯದೇ ಆಯಿತು.

'ಮಂಕುತಿಮ್ಮನ ಕಗ್ಗ'ವನ್ನು ಏನು ಮಾಡುವುದು? ಅದರಲ್ಲಿ 945 ಪದ್ಯಗಳಿವೆ. ದಿನಕ್ಕೊಂದರಂತೆ ಓದುವವರಿಗೆ ಎರಡೂವರೆ ವರ್ಷ ದಾಟುತ್ತದೆ. ಆ ಓದುಗರು ಯಾವ ವರ್ಷದ ಲೆಕ್ಕಕ್ಕೆ ಅದನ್ನು ಬರೆಯಬೇಕು? ಅದೇ ಡಿ.ವಿ.ಜಿ. ಅವರ 'ಜ್ಞಾಪಕ ಚಿತ್ರಶಾಲೆ' ಎಂಟು ಸಂಪುಟ. ಒಂದೋ, ಎಂಟೋ? ದೀಪಾವಳಿ ವಿಶೇಷಾಂಕದಲ್ಲಿ ಒಂದಿಡೀ ಕಾದಂಬರಿ ಇದ್ದರೆ? ಗಮಕಿಗಳು ಹಾಡಿದ್ದನ್ನು ಕೇಳಿ ದಾಟಿದ ಕುಮಾರವ್ಯಾಸನ ಪರ್ವ ಓದಿದ್ದಾಯಿತೋ ಇಲ್ಲವೋ? ನನ್ನ ನಿಯಮ ಸರಳ. ಎಂಟು ಸಂಪುಟ ಎಂಟು ಸಾಲು, ಯಾಕೆಂದರೆ ಒಂದೊಂದನ್ನೂ ಬೇರೆ ಬೇರೆ ಕಾಲದಲ್ಲಿ ಓದಿದ್ದೇನೆ. ಕವಿತೆಗೆ ಮುಗಿದ ತಾರೀಖು ಹಾಕುವುದಿಲ್ಲ. ಕೇಳಿದ್ದಕ್ಕೆ 'ಕೇಳಿದ್ದು' ಎಂದೇ ಬರೆಯುತ್ತೇನೆ. ಎರಡನೇ ಸಲ ಓದಿದ್ದನ್ನು ಮತ್ತೆ ಹೊಸ ಸಾಲಾಗಿ ಬರೆದು, ಹಿಂದೆ ಯಾವ ವರ್ಷ ಓದಿದ್ದೆ ಎಂದು ಪಕ್ಕದಲ್ಲಿ ಸೇರಿಸುತ್ತೇನೆ. ನಿಮ್ಮ ನಿಯಮ ಬೇರೆ ಇರಬಹುದು. ಗುರಿ ಮಾತ್ರ ಇಟ್ಟುಕೊಳ್ಳಬೇಡಿ. ವರ್ಷಕ್ಕಿಷ್ಟು ಎಂದು ಹಟ ಹಿಡಿದವರು ನವೆಂಬರ್ ಹೊತ್ತಿಗೆ ತೆಳ್ಳನೆಯ ಪುಸ್ತಕ ಹುಡುಕುವುದನ್ನು ನೋಡಿದ್ದೇನೆ. ಅಂಥವರ ಮನೆಯಲ್ಲಿ ದಪ್ಪ ಕಾದಂಬರಿಗೆ ಮುಂದಿನ ವರ್ಷವೂ ಸರದಿ ಬರುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಏನು ಬರೆಯುತ್ತೀರಿ ಎಂದು ಕೇಳುವವರಿಗೆ: ಪುಸ್ತಕದ ಹೆಸರು, ಬರೆದವರು, ಅನುವಾದವಾದರೆ ಅನುವಾದಕರು, ಮುಗಿಸಿದ ದಿನ, ಎಲ್ಲಿಂದ ಬಂತು, ಒಂದೆರಡು ವಾಕ್ಯ. ಇದೆಲ್ಲ ಎಲ್ಲರೂ ಬರೆಯುವುದೇ. ಇದರ ಜೊತೆಗೆ ನಾನು ಪುಸ್ತಕದ ಎರಡನೇ ಪುಟವನ್ನೂ ಇಳಿಸಿಕೊಳ್ಳುತ್ತೇನೆ. ಹೆಚ್ಚಿನವರು ಹಾರಿಸಿಬಿಡುವ ಆ ಪುಟದಲ್ಲಿ ಕನ್ನಡ ಪುಸ್ತಕದ ಜಾತಕವೇ ಇರುತ್ತದೆ. ಮೊದಲ ಮುದ್ರಣ ಯಾವಾಗ, ಇದು ಎಷ್ಟನೆಯದು, ಪ್ರತಿಗಳು 1000, ಬೆಲೆ, ಪುಟ, ಬಳಸಿದ ಕಾಗದ 70 ಜಿ.ಎಸ್.ಎಂ. ಮ್ಯಾಪ್‌ಲಿಥೋ, ಆಕಾರ 1/8 ಡೆಮಿ, ಮುಖಪುಟ ವಿನ್ಯಾಸ ಯಾರದು, ಅಕ್ಷರ ಜೋಡಣೆ ಯಾರದು, ಯಾವ ಪ್ರೆಸ್ಸು. ನಾನು ಪ್ರಕಾಶಕರು, ವರ್ಷ, ಮುದ್ರಣ, ಪ್ರತಿಗಳು ಇಷ್ಟನ್ನು ಬರೆದುಕೊಳ್ಳುತ್ತೇನೆ.

ಇದು ಯಾಕೆ ಬೇಕು? ಒಂದು ಕಥಾಸಂಕಲನ ಸಾವಿರ ಪ್ರತಿ ಅಚ್ಚಾಗಿ ಮುಗಿದು, ಮತ್ತೆ ಮುದ್ರಣವಾಗದಿದ್ದರೆ ಅದು ಅಂಗಡಿಯಿಂದ ಮಾತ್ರವಲ್ಲ, ಮಾತಿನಿಂದಲೂ ಮಾಯವಾಗುತ್ತದೆ. ಮರುಮುದ್ರಣ ಬಂದರೂ ಬೇರೆ ಪ್ರಕಾಶಕರಿಂದ, ಬೇರೆ ಮುಖಪುಟದಲ್ಲಿ ಬಂದಿರುತ್ತದೆ. ಕೆಲವೊಮ್ಮೆ ಸಮಗ್ರ ಸಂಪುಟದ ಒಳಗೆ ಸೇರಿ ಸ್ವಂತ ಹೆಸರನ್ನೇ ಕಳೆದುಕೊಂಡಿರುತ್ತದೆ. ಆಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಕೇಳಲು ಹೆಸರಿನ ಜೊತೆ ಪ್ರಕಾಶಕರೂ ವರ್ಷವೂ ಗೊತ್ತಿರಬೇಕು. ಅಂತರ್ಜಾಲದ ಪಟ್ಟಿಗಳು ಇಲ್ಲಿ ಪೂರ್ತಿ ನೆರವಿಗೆ ಬರುವುದಿಲ್ಲ. 2007ರಲ್ಲಿ ಶುರುವಾಗಿ 2013ರಲ್ಲಿ ಅಮೆಜಾನ್ ಕೊಂಡುಕೊಂಡ, ಓದುಗರು ತಮ್ಮ ಪಟ್ಟಿ ಇಡುವ ಗುಡ್‌ರೀಡ್ಸ್ ಜಾಲತಾಣದಲ್ಲಿ ಕನ್ನಡ ಪುಸ್ತಕಗಳು ಇವೆ, ನಾನೂ ಅಲ್ಲಿ ನೋಡುತ್ತೇನೆ. ಆದರೆ ಒಂದೇ ಕಾದಂಬರಿ ಕನ್ನಡ ಲಿಪಿಯಲ್ಲಿ ಒಂದು ಕಡೆ, ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಂದು ಕಡೆ ಇರುತ್ತದೆ. ಸಣ್ಣ ಪ್ರಕಾಶನದ ಹಳೆಯ ಪುಸ್ತಕವಾದರೆ ಇರುವುದೇ ಇಲ್ಲ. ನಿಮ್ಮ ಮನೆಯ ಇನ್ನೂರು ಪುಟದ ನೋಟ್‌ಬುಕ್ಕು ಅಂಥ ಪುಸ್ತಕಕ್ಕೆ ಓದುಗರೊಬ್ಬರು ಇದ್ದರು ಎನ್ನುವುದಕ್ಕೆ ಉಳಿದ ದಾಖಲೆಯಾಗಬಹುದು. ಇದನ್ನು ನಾನು ಮನಸಾರೆ ನಂಬುತ್ತೇನೆ.

ಪಟ್ಟಿಯಿಂದ ನನಗಾದ ದೊಡ್ಡ ಪ್ರಯೋಜನ ಬೇರೆ. ಒಂದು ಡಿಸೆಂಬರಿನಲ್ಲಿ ವರ್ಷದ ಪುಟಗಳನ್ನು ತಿರುಗಿಸುತ್ತ, ಪ್ರತಿ ಲೇಖಕರ ಊರಿನ ಹೆಸರನ್ನು ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆಯುತ್ತ ಹೋದೆ. ಶಿವಮೊಗ್ಗ, ಮೈಸೂರು, ಉಡುಪಿ, ಉತ್ತರ ಕನ್ನಡ, ಧಾರವಾಡ, ಮತ್ತೆ ಶಿವಮೊಗ್ಗ. ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ ಕಡೆಯವರು ಒಬ್ಬರೂ ಇಲ್ಲ. ನಾನು ಬೇಕೆಂದು ಬಿಟ್ಟದ್ದಲ್ಲ. ಅಂಗಡಿಯ ಮುಂದಿನ ಸಾಲಿನಲ್ಲಿ ಯಾವುದು ಇರುತ್ತದೆ, ಗೆಳೆಯರು ಯಾವುದರ ಬಗ್ಗೆ ಮಾತಾಡುತ್ತಾರೆ, ಪಠ್ಯದಲ್ಲಿ ಯಾರ ಪಾಠ ಇತ್ತು, ಇವೆಲ್ಲ ಸೇರಿ ನನ್ನ ಪರವಾಗಿ ಆರಿಸುತ್ತಿದ್ದವು. ಪುಸ್ತಕ ಒಂದೊಂದಾಗಿ ಓದುವಾಗ ಇದು ಕಾಣುವುದಿಲ್ಲ. ಸಾಲಾಗಿ ಬರೆದಾಗ ಮಾತ್ರ ಕಾಣುತ್ತದೆ. ಆಮೇಲೆ ಹುಡುಕಿಕೊಂಡು ಹೋಗಿ ಗೀತಾ ನಾಗಭೂಷಣ ಅವರ 'ಬದುಕು' ಓದಿದೆ. ಕಲಬುರಗಿ ಸೀಮೆಯ ಮಾತು ಕಿವಿಗೆ ಒಗ್ಗಲು ಮೊದಲ ಕೆಲವು ಅಧ್ಯಾಯ ಬೇಕಾದವು, ಒಗ್ಗಿದ ಮೇಲೆ ಬಿಡಲಿಲ್ಲ. ಅದೇ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಕನ್ನಡಕ್ಕೆ ಆ ಪ್ರಶಸ್ತಿ 1955ರಿಂದ ಬರುತ್ತಿದೆ. ಲೇಖಕಿಯೊಬ್ಬರಿಗೆ ಸಂದದ್ದು ಅದೇ ಮೊದಲು. ಸುಮಾರು ಅರ್ಧ ಶತಮಾನ! ತ್ರಿವೇಣಿ, ಎಂ.ಕೆ. ಇಂದಿರಾ ಬರೆದು ನಾಡೆಲ್ಲ ಓದಿದ ಕಾಲವೂ ಅದರಲ್ಲಿ ಸೇರಿದೆ. ಪ್ರಶಸ್ತಿಗಳ ಪಟ್ಟಿಯನ್ನೂ ಯಾರೋ ಸಾಲಾಗಿ ಬರೆದಿಟ್ಟಿದ್ದರಿಂದಲೇ ಇದು ನಮಗೆ ಗೊತ್ತಾಗುತ್ತದೆ.

ಅರ್ಧಕ್ಕೆ ಬಿಟ್ಟ ಪುಸ್ತಕಗಳನ್ನು ನೋಟ್‌ಬುಕ್ಕಿನ ಹಿಂಬದಿಯಿಂದ ಬರೆಯುತ್ತ ಬರುತ್ತೇನೆ, ಯಾವ ಪುಟದಲ್ಲಿ ಬಿಟ್ಟೆ, ಯಾಕೆ ಬಿಟ್ಟೆ ಎಂಬುದರ ಸಮೇತ. 'ಅಕ್ಷರ ಸಣ್ಣದು, ರಾತ್ರಿ ಓದಲಾಗದು' ಎಂಬಂಥ ಕಾರಣವೂ ಇರುತ್ತದೆ. ಅಂಥವನ್ನು ಹಗಲು ಹೊತ್ತಿನ ಪ್ರಯಾಣಕ್ಕೆ ಎತ್ತಿಟ್ಟು ಮುಗಿಸಿದ್ದುಂಟು.

ಕೊನೆಯ ಕಾಲಂ 'ಯಾರಿಗೆ'. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಇರುತ್ತಾನೆ ಎನ್ನುವುದು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು, 1962ರಲ್ಲಿ ಇಲ್ಲೇ ದಾಖಲೀಕರಣದ ಸಂಶೋಧನಾ ಕೇಂದ್ರ ಕಟ್ಟಿದ ಅವರ ಈ ಮಾತು ಗ್ರಂಥಪಾಲಕರಿಗೆ ಹೇಳಿದ್ದು. ನಾನು ಮನೆಯ ಮಟ್ಟಿಗೆ ಬಳಸುತ್ತೇನೆ. ಪುಸ್ತಕ ಮುಗಿದ ದಿನವೇ, ಇದು ಯಾರ ಕೈಗೆ ಹೋಗಬೇಕು ಎಂದು ಯೋಚಿಸಿ ಒಂದು ಹೆಸರು ಬರೆಯುತ್ತೇನೆ. ಅರಣ್ಯ ಇಲಾಖೆಯಿಂದ ನಿವೃತ್ತರಾದ ನಮ್ಮ ಬೀದಿಯ ಹಿರಿಯರೊಬ್ಬರಿಗೆ ಹಾಗೆ ಕೊಟ್ಟದ್ದು ತೇಜಸ್ವಿಯವರ 'ಕರ್ವಾಲೊ'. 'ಕಾಲೇಜು ಬಿಟ್ಟ ಮೇಲೆ ಕಥೆ ಪುಸ್ತಕ ಮುಟ್ಟಿರಲಿಲ್ಲಮ್ಮ' ಎಂದವರು ಈಗ ಅದೇ ಲೇಖಕರ ಬೇರೆ ಪುಸ್ತಕಗಳನ್ನು ತಾವೇ ತರಿಸಿಕೊಳ್ಳುತ್ತಾರೆ. ಆ ಸಾಲಿನ ಮುಂದೆ ಒಂದು ಸರಿ ಗುರುತು ಹಾಕಿದ್ದೇನೆ.

ಶುರು ಮಾಡುವವರಿಗೆ ಒಂದೇ ಸಲಹೆ. ಮುಗಿಸಿದ ದಿನವೇ ಬರೆಯಿರಿ, ತಿಂಗಳ ಕೊನೆಗೆ ಬರೆಯೋಣ ಎಂದಿಟ್ಟರೆ ಹೆಸರು ಉಳಿಯುತ್ತದೆ, ಅನಿಸಿದ್ದು ಉಳಿಯುವುದಿಲ್ಲ. ಜನವರಿ ಒಂದಕ್ಕೆ ಕಾಯಬೇಕಾಗಿಲ್ಲ, ಯುಗಾದಿಗೂ ಕಾಯಬೇಕಾಗಿಲ್ಲ. ಇವತ್ತು ದಿಂಬಿನ ಪಕ್ಕದಲ್ಲಿರುವ ಪುಸ್ತಕದಿಂದಲೇ ಆಗಬಹುದು. ಪುಸ್ತಕಕ್ಕೆ ಅಂಕದ ಹಾಗೆ ನಕ್ಷತ್ರ ಕೊಡುವ ಅಗತ್ಯವೂ ಇಲ್ಲ.

ನನ್ನ ಈ ವರ್ಷದ ಪುಟಗಳಲ್ಲಿ ಬೀದರ್, ಯಾದಗಿರಿ ಕಡೆಯ ಹೊಸಬರ ಕಥಾಸಂಕಲನಗಳು ಇನ್ನೂ ಕಡಿಮೆ. ನೀವು ಓದಿ ಇಷ್ಟಪಟ್ಟದ್ದಿದ್ದರೆ ಹೆಸರು ತಿಳಿಸಿ, ಜೊತೆಗೆ ಆ ಎರಡನೇ ಪುಟ ನೋಡಿ ಪ್ರಕಾಶಕರ ಹೆಸರು, ವರ್ಷ ಎರಡನ್ನೂ ಬರೆಯಿರಿ.