ಚಿಲಿ ಪೆಪ್ಪರ್ಸ್‌ನಲ್ಲಿ ಗಿಟಾರ್‌ನವರು ಯಾಕೆ ನಿಲ್ಲೋದಿಲ್ಲ?

ನಾನು ಬೇಸ್ ಗಿಟಾರ್ (ದಪ್ಪ ತಂತಿಗಳ, ತಗ್ಗು ದನಿಯ ಗಿಟಾರ್) ನುಡಿಸುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು, ‘ಹಾಗಾದ್ರೆ ರೆಡ್ ಹಾಟ್ ಚಿಲಿ ಪೆಪ್ಪರ್ಸ್ ಇಷ್ಟಾನಾ?’ ಹೂಂ ಅಂದರೆ ಮುಂದಿನ ಪ್ರಶ್ನೆ ರೆಡಿ: ‘ಅಲ್ಲ, ಆ ಬ್ಯಾಂಡಲ್ಲಿ ಗಿಟಾರ್‌ನವರು ಯಾಕೆ ನಿಲ್ಲೋದೇ ಇಲ್ಲ?’ ಅಮೆರಿಕದ ಈ ರಾಕ್ ಬ್ಯಾಂಡ್ ಬಗ್ಗೆ ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಹಾಡುವ ಆಂಥನಿ ಕೀಡಿಸ್, ಬೇಸ್ ನುಡಿಸುವ ಫ್ಲೀ ಇಬ್ಬರೂ 1983ರಿಂದ ಅಲ್ಲೇ ಇದ್ದಾರೆ. ಡ್ರಮ್ಸ್‌ಗೆ 1988ರಲ್ಲಿ ಬಂದು ಕೂತ ಚಾಡ್ ಸ್ಮಿತ್ ಇನ್ನೂ ಎದ್ದಿಲ್ಲ. ಗಿಟಾರ್‌ನವರು ಮಾತ್ರ ಬರುತ್ತಾರೆ, ಹೋಗುತ್ತಾರೆ, ಮತ್ತೆ ಬರುತ್ತಾರೆ.

ಡ್ರಗ್ಸ್ ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಅದು ಅರ್ಧ ನಿಜ. ಇನ್ನರ್ಧ ನಿಜ ಫ್ಲೀಯ ಬಲಗೈಯಲ್ಲಿದೆ.

ಸ್ಲ್ಯಾಪ್ ಅಂತ ಒಂದು ವರಸೆ ಇದೆ. ಹೆಬ್ಬೆರಳಿನ ಗೆಣ್ಣಿನಿಂದ ದಪ್ಪ ತಂತಿಗೆ ಬಡಿಯಬೇಕು. ತೋರುಬೆರಳನ್ನು ತೆಳ್ಳನೆ ತಂತಿಯ ಅಡಿ ಸಿಕ್ಕಿಸಿ ಎಳೆದು ಬಿಡಬೇಕು. ತಂತಿ ಹೋಗಿ ಫ್ರೆಟ್‌ಗೆ, ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗೆ, ಹೊಡೆದು ‘ಟಕ್’ ಅನ್ನುತ್ತದೆ. ಮೊದಲ ವಾರ ಬೆರಳಲ್ಲಿ ಬೊಬ್ಬೆ ಗ್ಯಾರಂಟಿ. ಇದನ್ನು ಎಲ್ಲರಿಗೂ ಗೊತ್ತು ಮಾಡಿದವನು ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್ ಬ್ಯಾಂಡಿನ ಲ್ಯಾರಿ ಗ್ರಹಾಂ. ಅವನು ಅಮ್ಮನ ಜೊತೆ ನುಡಿಸುತ್ತಿದ್ದಾಗ ಡ್ರಮ್ಸ್‌ಗೆ ಯಾರೂ ಇರಲಿಲ್ಲ. ಸರಿ, ಆ ಕೆಲಸವನ್ನೂ ಬೇಸ್ ತಂತಿಯ ಮೇಲೇ ಮಾಡಿದ.

ಸಾಮಾನ್ಯ ರಾಕ್ ಬ್ಯಾಂಡಲ್ಲಿ ಬೇಸ್ ಕೆಳಗೆ ತೆಪ್ಪಗಿರುತ್ತದೆ, ಮೇಲೆಲ್ಲ ಗಿಟಾರಿನದೇ ದರ್ಬಾರು. ಇಲ್ಲಿ ಹಾಗಿಲ್ಲ. ಫ್ಲೀ ತಾಳವನ್ನೂ ಹೊಡೆಯುತ್ತಾನೆ, ರಾಗವನ್ನೂ ಎಳೆಯುತ್ತಾನೆ. ಮೂರು ಜನರ ಬಸ್ ಸೀಟಲ್ಲಿ ಒಬ್ಬ ಕಾಲಗಲಿಸಿ ಕೂತಿದ್ದಾನೆ ಅಂದುಕೊಳ್ಳಿ. ಗಿಟಾರ್‌ನವನು ಉಳಿದ ಜಾಗದಲ್ಲಿ ಹೊಂದಿಕೊಳ್ಳಬೇಕು. ಎಲ್ಲರಿಗೂ ಅದು ಬರುವುದಿಲ್ಲ.

ಮೊದಲು ಕೂತವನಿಗೆ ಬಂತು, ಯಾಕೆಂದರೆ ಫ್ಲೀ ಕೈಗೆ ಬೇಸ್ ಕೊಡಿಸಿದವನೇ ಅವನು. ಹಿಲ್ಲೆಲ್ ಸ್ಲೋವಾಕ್. ಲಾಸ್ ಏಂಜಲೀಸ್‌ನ ಫೇರ್‌ಫ್ಯಾಕ್ಸ್ ಹೈಸ್ಕೂಲಿನ ಗೆಳೆಯರಿವರು. ಫ್ಲೀ ಆಗ ಟ್ರಂಪೆಟ್ ಊದುತ್ತಿದ್ದ. ನಮ್ಮ ಬ್ಯಾಂಡಿಗೆ ಬೇಸ್ ಕಲಿತು ಬಾ ಅಂದವನು ಹಿಲ್ಲೆಲ್. ಮುಂದೆ ಚಿಲಿ ಪೆಪ್ಪರ್ಸ್ ಶುರುವಾದಾಗ ಡ್ರಮ್ಸ್‌ಗೆ ಜ್ಯಾಕ್ ಐರನ್ಸ್, ಹಾಡಲು ಕೀಡಿಸ್. 1983ರಲ್ಲಿ ಮೊದಲ ಸಲ ವೇದಿಕೆ ಹತ್ತಿದಾಗ ಇವರ ಹತ್ತಿರ ಇದ್ದದ್ದು ಒಂದೇ ಹಾಡು.

ರೆಕಾರ್ಡಿಂಗ್ ಕರಾರು ಸಿಕ್ಕಿತು, ಎಡವಟ್ಟೂ ಆಯಿತು. ಹಿಲ್ಲೆಲ್ ಮತ್ತು ಐರನ್ಸ್ ಇದ್ದ ಇನ್ನೊಂದು ಬ್ಯಾಂಡಿಗೂ ಕರಾರು ಸಿಕ್ಕಿತ್ತು. ಅವರಿಗೆ ಅದೇ ದೊಡ್ಡದಾಗಿ ಕಂಡಿತು, ಆ ಕಡೆ ಹೋದರು. ಹಾಗಾಗಿ 1984ರ ಮೊದಲ ಆಲ್ಬಂನಲ್ಲಿ ಗಿಟಾರ್ ಜ್ಯಾಕ್ ಶರ್ಮನ್‌ದು. ಒಳ್ಳೆ ಕೈ, ಆದರೆ ಇವರ ಜೊತೆ ಒಗ್ಗಲಿಲ್ಲ. 1985ಕ್ಕೆ ಹಿಲ್ಲೆಲ್ ವಾಪಸ್ ಬಂದ. ಆ ವರ್ಷದ ಆಲ್ಬಂ ಮಾಡಿಸಿದವನು ತಾಳವೇ ಮುಂದಿರುವ ಫಂಕ್ ಸಂಗೀತದ ಹಿರಿಯ ಜಾರ್ಜ್ ಕ್ಲಿಂಟನ್. ಐರನ್ಸ್ ಕೂಡ ಮರಳಿ, ಶುರುವಿನ ನಾಲ್ಕೂ ಜನ ಸೇರಿ ಮಾಡಿದ ಆಲ್ಬಂ ಅಂತ ಇರುವುದು ಒಂದೇ, 1987ರದ್ದು.

ಮರುವರ್ಷ ಜೂನ್‌ನಲ್ಲಿ ಹೆರಾಯಿನ್ ಜಾಸ್ತಿಯಾಗಿ ಹಿಲ್ಲೆಲ್ ಸತ್ತ. ವಯಸ್ಸು 26. ಅದೇ ಚಟದಲ್ಲಿದ್ದ ಕೀಡಿಸ್ ಗೆಳೆಯನ ಮಣ್ಣಿಗೂ ಹೋಗಲಿಲ್ಲ, ಮೆಕ್ಸಿಕೊ ಕಡೆ ಹೊರಟುಬಿಟ್ಟ. ಗೆಳೆಯರು ಸಾಯುವ ಬ್ಯಾಂಡಲ್ಲಿ ನಾನಿರಲ್ಲ ಅಂತ ಐರನ್ಸ್ ಎದ್ದು ಹೋದ.

ಆಮೇಲೆ ಸಿಕ್ಕವನು 18ರ ಹುಡುಗ ಜಾನ್ ಫ್ರುಶಿಯಾಂಟೆ. ಬ್ಯಾಂಡಿನ ಹುಚ್ಚು ಅಭಿಮಾನಿ. ಹಿಲ್ಲೆಲ್ ನುಡಿಸಿದ್ದೆಲ್ಲ ಅವನಿಗೆ ಬಾಯಿಪಾಠ, ಅಂದರೆ ಎಷ್ಟು ಜಾಗ ಬಿಡಬೇಕು ಅನ್ನುವುದೂ ಗೊತ್ತಿತ್ತು. 1991ರ ‘ಬ್ಲಡ್ ಶುಗರ್ ಸೆಕ್ಸ್ ಮ್ಯಾಜಿಕ್’ ಕೇಳಿ. ಹಾಲಿವುಡ್ ಗುಡ್ಡದ ಪಕ್ಕದ ಹಳೇ ಬಂಗಲೆಯಲ್ಲಿ ರೆಕಾರ್ಡ್ ಮಾಡಿದ್ದು. ಮೂವರು ಅಲ್ಲೇ ಮಲಗುತ್ತಿದ್ದರು, ಚಾಡ್ ಸ್ಮಿತ್ ಮಾತ್ರ ದಿನಾ ಬೈಕಲ್ಲಿ ಮನೆಗೆ ಹೋಗಿ ಬರುತ್ತಿದ್ದ. ಈ ಆಲ್ಬಂನಲ್ಲಿ ಫ್ಲೀ ಬೇಕಂತಲೇ ಸ್ಲ್ಯಾಪ್ ಕಡಿಮೆ ಮಾಡಿದ. ಸೀಟಲ್ಲಿ ಸ್ವಲ್ಪ ಸರಿದು ಕೂತ ಅನ್ನಿ. ‘ಅಂಡರ್ ದ ಬ್ರಿಡ್ಜ್’ ಶುರುವಾಗುವುದೇ ಜಾನ್‌ನ ಒಂಟಿ ಗಿಟಾರಿನಿಂದ. ಕೊನೆಗೆ ಕೇಳುವ ಕೋರಸ್‌ನಲ್ಲಿ ಅವನ ಅಮ್ಮನ ದನಿಯೂ ಇದೆ.

ಆ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಅಷ್ಟು ದೊಡ್ಡ ಹೆಸರು ಜಾನ್‌ಗೆ ಆಗಿಬರಲಿಲ್ಲ. 1992ರಲ್ಲಿ ಜಪಾನ್ ಪ್ರವಾಸದ ನಡುವೆಯೇ ಬಿಟ್ಟು ಹೋದ. ಒಂದಿಬ್ಬರು ಬಂದುಹೋದ ಮೇಲೆ ಡೇವ್ ನವಾರೊ ಬಂದ. ಅವನದು ದಪ್ಪನೆಯ, ಪದರ ಪದರವಾದ ಗಿಟಾರ್, ಇಡೀ ಸೀಟು ತನಗೇ ಬೇಕು ಅನ್ನುವಂಥದ್ದು. 1995ರ ಅವರ ಆಲ್ಬಂ ಕೆಟ್ಟದ್ದು ಅಂತ ನಾನು ಹೇಳಲಾರೆ. ಆದರೆ ಎರಡು ಬ್ಯಾಂಡ್ ಒಟ್ಟಿಗೆ ಕೇಳಿದ ಹಾಗಿರುತ್ತದೆ.

ಅಷ್ಟರಲ್ಲಿ ಜಾನ್ ತಾನೂ ಹೆರಾಯಿನ್‌ಗೆ ಬಿದ್ದು, ಸಾವಿನ ಹತ್ತಿರ ಹೋಗಿ ಬಂದಿದ್ದ. 1998ರಲ್ಲಿ ಫ್ಲೀ ಹೋಗಿ ಕರೆದ. ಜಾನ್ ಹತ್ತಿರ ಒಳ್ಳೆ ಗಿಟಾರೂ ಇರಲಿಲ್ಲ, ಕೀಡಿಸ್ 1962ರ ಒಂದು ಸ್ಟ್ರಾಟೊಕ್ಯಾಸ್ಟರ್ ಕೊಡಿಸಿದ. ಫ್ಲೀ ಮನೆಯ ಗ್ಯಾರೇಜಲ್ಲಿ ಪ್ರಾಕ್ಟೀಸ್. ಕೈಯಲ್ಲಿ ಹಳೇ ವೇಗ ಇಲ್ಲ. ಮರುವರ್ಷದ ‘ಸ್ಕಾರ್ ಟಿಶ್ಯೂ’ ಹಾಡಿನ ಶುರು ಗಮನವಿಟ್ಟು ಕೇಳಿ. ದಪ್ಪ ತಂತಿಯ ಒಂದು ಸ್ವರ, ತೆಳ್ಳನೆ ತಂತಿಯ ಇನ್ನೊಂದು. ನಡುವಿನ ತಂತಿಗಳ ಸ್ವರ ಕೇಳುವುದೇ ಇಲ್ಲ. ಆ ಖಾಲಿ ಜಾಗದಲ್ಲಿ ಬೇಸ್ ಆರಾಮಾಗಿ ಓಡಾಡುತ್ತದೆ. ಫೋನಿನ ಸ್ಪೀಕರಲ್ಲಿ ಇದು ಗೊತ್ತಾಗಲ್ಲ, ಇಯರ್‌ಫೋನ್ ಹಾಕಿಕೊಳ್ಳಿ.

2009ರಲ್ಲಿ ಜಾನ್ ಮತ್ತೆ ಹೋದ. ಈ ಸಲ ಚಟ ಕಾರಣ ಅಲ್ಲ, ತನ್ನದೇ ಸಂಗೀತ ಮಾಡಬೇಕಿತ್ತು. ಅವನ ಸ್ನೇಹಿತ ಜಾಶ್ ಕ್ಲಿಂಗ್‌ಹಾಫರ್ ಹತ್ತು ವರ್ಷ, ಎರಡು ಆಲ್ಬಂ ನುಡಿಸಿದ. 2012ರಲ್ಲಿ ಬ್ಯಾಂಡಿನ ಜೊತೆ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೂ ಸೇರಿದ. ಶರ್ಮನ್‌ಗೂ ನವಾರೊಗೂ ಸಿಗದ ಮರ್ಯಾದೆ ಅದು, ನನಗಂತೂ ಶರ್ಮನ್ ವಿಷಯದಲ್ಲಿ ಅದು ಸರಿ ಅನಿಸಿಲ್ಲ. 2019ರ ಡಿಸೆಂಬರ್‌ನಲ್ಲಿ ಜಾನ್ ವಾಪಸ್ ಅಂತ ಸುದ್ದಿ ಬಂತು, ಜಾಶ್ ಎದ್ದು ಜಾಗ ಕೊಡಬೇಕಾಯಿತು. 2022ರಲ್ಲಿ ಜಾನ್ ಜೊತೆ ಒಂದೇ ವರ್ಷಕ್ಕೆ ಎರಡು ಆಲ್ಬಂ ಬಂದವು.

ಜಾಶ್ ಏನಾದ ಅಂತಲೂ ಕೇಳುತ್ತಾರೆ. ಪರ್ಲ್ ಜ್ಯಾಮ್ ಅನ್ನೋ ಇನ್ನೊಂದು ರಾಕ್ ಬ್ಯಾಂಡ್ ಜೊತೆ ಪ್ರವಾಸಕ್ಕೆ ಸೇರಿಕೊಂಡ. 90ರ ದಶಕದಲ್ಲಿ ಕೆಲವು ವರ್ಷ ಆ ಬ್ಯಾಂಡಿನ ಡ್ರಮ್ಸ್ ನುಡಿಸಿದ್ದವನು ಯಾರು ಗೊತ್ತಾ? ಹಿಲ್ಲೆಲ್ ಸತ್ತಾಗ ಎದ್ದು ಹೋಗಿದ್ದನಲ್ಲ, ಅದೇ ಜ್ಯಾಕ್ ಐರನ್ಸ್.