ತಾಳ ಕೊಟ್ಟವಳು ನಾನೇ

14 ಸೆಪ್ಟೆಂಬರ್ 2024, ಶನಿವಾರ
ಪುಣೆ

ರಾತ್ರಿ ಒಂಬತ್ತೂವರೆ. ಗೇಟಿನ ಆಚೆ ಗಣೇಶೋತ್ಸವದ ಢೋಲ್-ತಾಶಾ ವಾದ್ಯ ಇನ್ನೂ ನಿಂತಿಲ್ಲ. ಮಂಗಳವಾರ ವಿಸರ್ಜನೆ, ಅಲ್ಲಿಯವರೆಗೂ ಹೀಗೇ. ಅಡುಗೆಮನೆ ಹಾಗೇ ಬಿದ್ದಿದೆ. ಇದನ್ನು ಬರೆಯದೆ ಇವತ್ತು ನಿದ್ದೆ ಬರುವುದಿಲ್ಲ.

ನನ್ನ ಹಾಡಿನ ಕ್ಲಾಸು ಏಳಕ್ಕೆ ಮುಗಿಯಿತು. ಹುಡುಗಿಯರು ಆರತಿಗೆ ಹೊತ್ತಾಯಿತೆಂದು ಚಪ್ಪಲಿ ಹುಡುಕಿಕೊಂಡು ಕೆಳಗೆ ಓಡಿದರು. ಧಾಯರಿ ಬಡಾವಣೆಯ ಹುಡುಗ ಮಾತ್ರ ಹೋಗಲಿಲ್ಲ. ನೋಡಿದರೆ ಬಾಗಿಲಲ್ಲಿ ಅವನ ಅಪ್ಪ. ಯಾವಾಗಲೂ ಸ್ಕೂಟರ್ ಮೇಲೆ ಕೂತೇ ಕೆಳಗಿಂದ ಹಾರ್ನ್ ಹೊಡೆಯುವವರು, ಇವತ್ತು ಮೂರು ಮಹಡಿ ಹತ್ತಿ ಬಂದಿದ್ದಾರೆ. ಆಗಲೇ ನನ್ನ ಎದೆ ಸ್ವಲ್ಪ ಧಸಕ್ ಅಂದಿತು.

"ಅಕ್ಕಾರ, ಒಂದು ಮಾತು ಹೇಳೋದಿತ್ರಿ."

"ಒಳಗ ಬರ್ರಿ, ಚಹಾ ಮಾಡ್ತೀನಿ."

"ಬ್ಯಾಡ್ರಿ, ಹೊತ್ತಾಗೇದ. ಮುಂದಿನ ತಿಂಗಳಿಂದ ಇವನ್ನ ತಬಲಾಕ್ಕ ಹಚ್ಚಬೇಕಂತ ಮಾಡೇನ್ರಿ."

ಹಾಡಿನ ಜೊತೆಗೆ ತಬಲಾನೂ ಅಂತ ನಾನು ತಿಳಿದುಕೊಂಡೆ. "ಛಲೋ ಆತಲ್ರಿ, ಲಯ ಗಟ್ಟಿ ಆಗ್ತದ" ಅಂದೆ.

"ಹಾಡೋದು ಸಾಕ್ರಿ ಇನ್ನ. ಹದಿಮೂರು ತುಂಬಿದ್ವು. ಹದಿನೈದು ಹುಡುಗ್ಯಾರ ನಡುವ ಒಬ್ಬನ ಕುಂಡ್ರತಾನ. ಸಾಲ್ಯಾಗ ಹುಡುಗ್ರು ಏನೇನೋ ಅಂತಾರಂತ. ಗಂಡಹುಡುಗ್ರಿ ಅಂವಾ."

ಅವರು ಒರಟು ಮನುಷ್ಯರಲ್ಲ. ಗದಗಿನವರು. ಪ್ರತಿ ಡಿಸೆಂಬರಿನಲ್ಲಿ ಇಲ್ಲಿಯ ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆ ಶಾಲು, ಚಾಪೆ, ಡಬ್ಬಿ ಕಟ್ಟಿಕೊಂಡು ಹೋಗುತ್ತಾರೆ, ಕೊನೆಯ ಭೈರವಿ ಆಗುವವರೆಗೆ ಏಳುವುದಿಲ್ಲ. ಭೀಮಸೇನ ಜೋಶಿ ನಮ್ಮ ಕಡೆಯವರು ಅಂತ ಹೇಳುವಾಗ ಅವರ ಮುಖ ನೋಡಬೇಕು. ಅದನ್ನೇ ನೆನಪು ಮಾಡಿದೆ. ಅವರೂ ಗಂಡಸರೇ ಅಲ್ವಾ, ಹಾಡಿದರಲ್ಲ ಅಂದೆ.

"ಅವ್ರ ಮಾತು ಬ್ಯಾರೇರಿ" ಅಂದರು. ಆಮೇಲೆ ಸ್ವಲ್ಪ ತಡೆದು, "ನೀವ ಹೋದ ವಾರ ಇವನ ಕೈಯಾಗ ತಾಳ ಕೊಟ್ರಲ್ರಿ. ಅವಾಗ ನನಗೂ ಖರೇ ಅನಿಸ್ತು."

ನನಗೆ ಬಾಯಿ ಕಟ್ಟಿಹೋಯಿತು. ಹುಡುಗ ಅಪ್ಪನ ಹಿಂದೆ ಹೆಲ್ಮೆಟ್ ಹಿಡಿದು ನಿಂತಿದ್ದ. ಅದರ ಪಟ್ಟಿಯ ಬಕಲ್ ಹಾಕುವುದು, ತೆಗೆಯುವುದು. ಟಕ್, ಟಕ್. ಒಂದು ಸಲವೂ ತಲೆ ಎತ್ತಲಿಲ್ಲ. ಮೆಟ್ಟಿಲಿಳಿದು ಹೋಗುವಾಗಲೂ ಅದು ಕೇಳುತ್ತಿತ್ತು.

ಹೋದ ಭಾನುವಾರದ ವಿಷಯ ಇಲ್ಲಿ ಬರೆದಿರಲಿಲ್ಲ. ಕಾರ್ಯಕ್ರಮ ಚೆನ್ನಾಯಿತು ಅಂತಷ್ಟೇ ಬರೆದಿದ್ದೆ. ಸೊಸೈಟಿ ಗಣಪತಿಯ ಮುಂದೆ ಮಕ್ಕಳು ದಾಸರ ಪದ ಹಾಡಿದರು. ಮೊದಲನೇ ಪದದಲ್ಲಿ ಮೇಲಿನ ಷಡ್ಜಕ್ಕೆ ಏರುವಾಗ ಇವನ ದನಿ ಎರಡಾಗಿ ಸೀಳಿತು. ಮುಂದೆ ಕೂತಿದ್ದ ಹುಡುಗರು ಗೊಳ್ಳೆಂದು ನಕ್ಕರು. ಇವನು ಕಿವಿಯವರೆಗೆ ಕೆಂಪಾದ, ಆದರೆ ಹಾಡುವುದನ್ನು ಬಿಡಲಿಲ್ಲ. ಬಿಡಿಸಿದವಳು ನಾನು. ಎರಡನೇ ಪದ ಶುರುವಾಗುವ ಮೊದಲು ಪಕ್ಕದಲ್ಲಿದ್ದ ತಾಳದ ಜೋಡಿ ಅವನ ಕೈಗೆ ಕೊಟ್ಟು, "ನೀ ಇದನ್ನ ಬಾರ್ಸು" ಅಂದೆ. ಉಳಿದ ನಾಲ್ಕು ಪದಕ್ಕೂ ಅವನು ಬಾಯಿ ಬಿಡಲಿಲ್ಲ. ತಾಳ ಒಂದು ಕಡೆಯೂ ತಪ್ಪಲಿಲ್ಲ. ಎಲ್ಲರೂ ಹೊಗಳಿದರು. ಕಾರ್ಯಕ್ರಮ ಉಳಿಯಿತಲ್ಲ ಅಂತ ನಾನೂ ನಿಟ್ಟುಸಿರು ಬಿಟ್ಟೆ.

ಅವರು ಹೋದ ಮೇಲೆ ಹಳೇ ಹಾಜರಿ ಪುಸ್ತಕಗಳನ್ನೆಲ್ಲ ತೆಗೆದು ಕೂತೆ. ಒಂಬತ್ತು ವರ್ಷದಲ್ಲಿ ನನ್ನ ಹತ್ತಿರ ಬಂದ ಹುಡುಗರು 11. ಹದಿನಾಲ್ಕು ದಾಟಿ ಉಳಿದವನು ಒಬ್ಬನೂ ಇಲ್ಲ. ಹೆಸರಿನ ಮುಂದೆ ನಾನೇ ಬರೆದ ಕಾರಣಗಳಿವೆ. ಸ್ಕಾಲರ್‌ಶಿಪ್ ಕ್ಲಾಸು. ಕ್ರಿಕೆಟ್ ಕೋಚಿಂಗ್. ತಬಲಾ. ಮತ್ತೆ ತಬಲಾ. ಇಷ್ಟು ದಿನ ಅಪ್ಪಂದಿರ ಮೇಲೆ, ಶಾಲೆಯ ಹುಡುಗರ ಮೇಲೆ ಸಿಟ್ಟು ಮಾಡಿಕೊಂಡು ಸುಮ್ನಾಗುತ್ತಿದ್ದೆ.

ನನ್ನ ಕ್ಲಾಸಿನ ಶ್ರುತಿ ಕಾಳಿ ಚಾರ್, ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಕೀ. ಹುಡುಗಿಯರಿಗೆ ಅದು ಕೂಡುತ್ತದೆ, ನನಗೂ ಕೂಡುತ್ತದೆ. ದನಿ ಒಡೆಯುವ ಹುಡುಗನಿಗೆ ಕೂಡುವುದಿಲ್ಲ. ಆ ವಯಸ್ಸಿನಲ್ಲಿ ಗಂಟಲಿನ ಗೂಡು ಬೆಳೆಯುತ್ತದೆ, ಒಳಗಿನ ತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ, ದನಿ ಸುಮಾರು ಒಂದು ಸಪ್ತಕ, ಅಂದರೆ ಏಳು ಸ್ವರದಷ್ಟು, ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ಆಗ ಬದಲಾಗುತ್ತದೆ, ಆದರೆ ಒಂದೆರಡು ಸ್ವರದಷ್ಟು, ಯಾರಿಗೂ ಗೊತ್ತಾಗದ ಹಾಗೆ. ಹುಡುಗನದು ಊರಿಗೆಲ್ಲ ಕೇಳುವ ಹಾಗೆ. ತಿಂಗಳುಗಟ್ಟಲೆ ಮೇಲಿನದೂ ಅವನದಲ್ಲ, ಕೆಳಗಿನದೂ ಅವನದಲ್ಲ. ಆಗ ಅವನಿಗೆ ಬೇರೆ ಶ್ರುತಿ ಬೇಕು, ಮೂರು ನಾಲ್ಕು ಸ್ವರದಲ್ಲೇ ಮೆಲ್ಲಗೆ ಓಡಾಡುವ ಪಾಠ ಬೇಕು. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಹದಿನೈದು ಜನರನ್ನು ಬಿಟ್ಟು ಒಬ್ಬನಿಗಾಗಿ ಶ್ರುತಿ ಇಳಿಸುವುದು ಹೇಗೆ ಅಂತ ಮುಂದೂಡುತ್ತಾ ಬಂದೆ. ಅಷ್ಟರಲ್ಲಿ ಹುಡುಗರು ತಾವೇ ಹೋಗಿಬಿಡುತ್ತಿದ್ದರು.

ಭೀಮಸೇನರು ಹುಟ್ಟಿದ್ದು 1922ರಲ್ಲಿ. ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟಾಗ 11 ವರ್ಷ. ಎಲ್ಲೆಲ್ಲೋ ಅಲೆದು, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯರಾಗಿದ್ದು 1936ರಲ್ಲಿ. ಅಂದರೆ 14. ನನ್ನ ಹಾಜರಿ ಪುಸ್ತಕದಲ್ಲಿ ಹುಡುಗರು ಮುಗಿದುಹೋಗುವ ವಯಸ್ಸಿಗೆ ಅವರ ನಿಜವಾದ ಪಾಠ ಶುರುವಾಗಿದೆ. ಮತ್ತೆ ಆ ಗುರು ಯಾರು? ಮರಾಠಿ ರಂಗಭೂಮಿಯಲ್ಲಿ ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡಿ ಹೆಸರಾದವರು. ಅವರ ನೆನಪಿಗೇ ಭೀಮಸೇನರು 1953ರಲ್ಲಿ ಈ ಉತ್ಸವ ಶುರು ಮಾಡಿದ್ದು. ಧಾಯರಿಯ ಅಪ್ಪ ಚಾಪೆ ಹಾಸಿಕೊಂಡು ಕೂರುವುದು ಅದೇ ಉತ್ಸವದಲ್ಲಿ. ಇಲ್ಲಿ ಜಂಗಲಿ ಮಹಾರಾಜ ರಸ್ತೆಯಲ್ಲಿ ಬಾಲಗಂಧರ್ವ ರಂಗಮಂದಿರದ ಮುಂದೆ ದಿನಾ ಓಡಾಡುತ್ತೇವೆ. ಅವರೂ ಹೆಣ್ಣಿನ ಪಾತ್ರ ಮಾಡುತ್ತಿದ್ದವರೇ. ಬಾಲಗಂಧರ್ವರು ಸೀರೆ ಉಡುವ ರೀತಿಯನ್ನು ಮನೆತನಸ್ಥ ಹೆಂಗಸರು ನೋಡಿ ಕಲಿಯುತ್ತಿದ್ದರಂತೆ. ಆ ದೊಡ್ಡ ನಟನ ಗಂಡಸುತನದ ಬಗ್ಗೆ ಈ ಊರು ಚಿಂತೆ ಮಾಡಿದ್ದನ್ನು ನಾನು ಕೇಳಿಲ್ಲ. ಹುಬ್ಬಳ್ಳಿಯ ನಮ್ಮ ಗಂಗೂಬಾಯಿ ಹಾನಗಲ್ ಅವರ ದನಿ ಗಂಡಸರ ದನಿಯಷ್ಟು ಭಾರವಿತ್ತು. ಆ ದನಿಯಲ್ಲೇ ಹಾಡಿ ಗೆದ್ದರು. ಹಾಡಿಗೆ ಗಂಡು ಹೆಣ್ಣು ಅಂತ ಗೆರೆ ಎಳೆಯುವ ಊರೇ ಅಲ್ಲ ನಮ್ಮದು, ಆ ಕಡೆಯೂ ಈ ಕಡೆಯೂ.

ಹಾಗಿದ್ದರೆ ಈ ಹುಡುಗನಿಗೆ ಯಾಕೆ? ಅಪ್ಪ ಅಂದ "ಅವ್ರ ಮಾತು ಬ್ಯಾರೇರಿ" ಇನ್ನೂ ಕಿವಿಯಲ್ಲಿದೆ. ದೊಡ್ಡ ಗವಾಯಿ ಆದ ಮೇಲೆ ಎಲ್ಲರೂ ಕಾಲಿಗೆ ಬೀಳುತ್ತಾರೆ. ದನಿ ಒಡೆದು, ಶ್ರುತಿ ತಪ್ಪಿ, ಇನ್ನೂ ಏನೂ ಆಗದ ಹದಿಮೂರರ ಹುಡುಗ ನಾಲ್ಕು ಜನರ ಮುಂದೆ ಹಾಡಿದರೆ ಮಾತ್ರ ನಮಗೆ ನಾಚಿಕೆ. ಅವತ್ತು ನನಗೂ ಆಗಿದ್ದು ಅದೇ ನಾಚಿಕೆ.

ಢೋಲ್ ಜೋರಾಯಿತು. ಬಾಲ್ಕನಿಗೆ ಹೋಗಿ ನೋಡಿ ಬಂದೆ. ಢೋಲ್ ಬಾರಿಸುವ ತಂಡದಲ್ಲಿ ಅರ್ಧದಷ್ಟು ಹುಡುಗಿಯರೇ. ಸೊಂಟಕ್ಕೆ ಢೋಲ್ ಬಿಗಿದುಕೊಂಡು, ಕೇಸರಿ ಫೇಟಾ ಸುತ್ತಿಕೊಂಡು, ಮಳೆಯಲ್ಲಿ ತೊಯ್ದು ಬಾರಿಸುತ್ತಿದ್ದಾರೆ. ನನ್ನ ಕ್ಲಾಸಿನ ಇಬ್ಬರು ದೊಡ್ಡ ಹುಡುಗಿಯರೂ ಇದ್ದಾರೆ. ಕೆಳಗೆ ನಿಂತ ಅವರ ಅಪ್ಪಂದಿರು ಹೆಮ್ಮೆಯಿಂದ ವಿಡಿಯೋ ಮಾಡುತ್ತಿದ್ದಾರೆ. ನನಗೂ ಹೆಮ್ಮೆಯೇ, ಕಣ್ಣು ತುಂಬಿ ಬಂತು. ಆದರೆ ಹುಡುಗಿ ಆ ಕಡೆ ಹೋದರೆ ಚಪ್ಪಾಳೆ, ಹುಡುಗ ಈ ಕಡೆ ಬಂದರೆ ತಬಲಾ.

ಊಟಕ್ಕೆ ಕೂತಾಗ ಇವರಿಗೆ ಎಲ್ಲ ಹೇಳಿದೆ. ಇವರು ಸಣ್ಣವರಿದ್ದಾಗ ಮಠದಲ್ಲಿ ಪ್ರತಿ ಗುರುವಾರ ಹಾಡುತ್ತಿದ್ದರಂತೆ, ಅದು ಅತ್ತೆ ಹೇಳಿ ಗೊತ್ತು. ಮದುವೆಯಾಗಿ ಇಪ್ಪತ್ತೆರಡು ವರ್ಷ, ನಾನು ಒಂದು ಸಾಲು ಕೇಳಿಲ್ಲ. ಯಾಕೆ ಬಿಟ್ಟಿರಿ ಅಂತ ಇವತ್ತು ಮೊದಲ ಸಲ ಕೇಳಿದೆ.

"ಯಾರೂ ಬಿಡು ಅನ್ಲಿಲ್ಲ" ಅಂದರು. "ದನಿ ಒಡೆದ ಮ್ಯಾಲೆ ಯಾರೂ ಹಾಡು ಅನ್ಲಿಲ್ಲ, ಅಷ್ಟ." ಮತ್ತೆ ಅನ್ನಕ್ಕೆ ಸಾರು ಹಾಕಿಕೊಂಡರು.

ಭಾನುವಾರ ಬೆಳಗ್ಗೆ ಎಂಟಕ್ಕೆ ಅವನೊಬ್ಬನನ್ನೇ ಕರೆಯಬೇಕು. ಫೀಸು ಬೇಡ, ತಬಲಾನೂ ಕಲಿಯಲಿ, ವಾರಕ್ಕೆ ಅರ್ಧ ಗಂಟೆ ನನಗೆ ಕೊಡಲಿ. ಅಪ್ಪನಿಗೆ ಫೋನ್ ಮಾಡಲು ಎರಡು ಸಲ ನಂಬರ್ ತೆಗೆದೆ. ಮೊದಲು ಪಾಠ ಹೇಗೆ ಅಂತ ನೋಡೋಣ ಎಂದು ಹಾರ್ಮೋನಿಯಂ ಎಳೆದುಕೊಂಡೆ. ಕೆಳಗಿನ ಕಾಳಿ ಏಕ್, ಮೊದಲನೇ ಕಪ್ಪು ಕೀ, ಒತ್ತಿ ಸಾ ಹಿಡಿಯಲು ಹೋದೆ. ಬರೀ ಉಸಿರು ಬಂತು. ಇನ್ನೊಂದು ಸಲ ಪ್ರಯತ್ನ ಮಾಡಿದೆ, ಗಂಟಲಲ್ಲಿ ಏನೋ ಕೆರೆದ ಹಾಗಾಗಿ ದನಿ ಹಾರಿಹೋಯಿತು. ಇವರು ಒಳಗಿಂದ ಬಂದು ಬಾಗಿಲ ಹತ್ತಿರ ನಿಂತರು. ಅದು ನಿಮ್ಮ ಶ್ರುತಿ ಇರಬೇಕು, ಒಂದು ಸಲ ಹಿಡಿದು ನೋಡ್ರಿ ಅಂದೆ. ಇವರು ಏನೂ ಅನ್ನಲಿಲ್ಲ, ಹೋಗಲೂ ಇಲ್ಲ. ನಾನು ಆ ಕೀ ಮೇಲೆ ಬೆರಳು ಒತ್ತಿಕೊಂಡೇ ಕೂತಿದ್ದೇನೆ, ಗಾಳಿಯ ತಿದಿ ಒತ್ತುತ್ತಾ