ಒಂದೇ ಬಾಣಲೆ ಕ್ರೀಮಿ ಕೈಮ: ಮೂರನೇ ಸಲ ಒಡೀಲಿಲ್ಲ!

ಆಫೀಸಿಂದ ಬಂದ್ಮೇಲೆ ಅರ್ಧ ಗಂಟೇಲಿ ಊಟ ರೆಡಿ ಆಗ್ಬೇಕು, ತೊಳೆಯೋಕೆ ಒಂದೇ ಬಾಣಲೆ ಇರ್ಬೇಕು, ಇಷ್ಟೇ ಈ ಪ್ರಾಜೆಕ್ಟ್. ಅಮೆರಿಕದಲ್ಲಿರೋ ನಮ್ಮಕ್ಕ ಟರ್ಕಿ ಕೋಳಿ ಕೈಮ, ತರಕಾರಿ, ಕ್ರೀಮ್ ಎಲ್ಲಾ ಒಟ್ಟಿಗೆ ಹಾಕಿ ವಾರಕ್ಕೆರಡು ಸಲ ಮಾಡ್ತಾಳಂತೆ. ಇಲ್ಲಿ ಟರ್ಕಿ ಕೈಮ ಎಲ್ಲಿಂದ ತರೋದು, ಕ್ರಿಸ್‌ಮಸ್ ಟೈಮಲ್ಲಿ ರಸೆಲ್ ಮಾರ್ಕೆಟ್ ಕಡೆ ಹುಡುಕಿದ್ರೆ ಇಡೀ ಕೋಳಿ ಸಿಗ್ಬೋದೇನೋ, ಒಬ್ಬನೇ ತಿನ್ನೋಕೆ ಅದ್ಯಾಕೆ. ಹಂಗಾಗಿ ಚಿಕನ್ ಬ್ರೆಸ್ಟ್ ಕೈಮ. ಅದ್ರಲ್ಲೂ ಕೊಬ್ಬು ಕಮ್ಮೀನೇ, ಕಷ್ಟಾನೂ ಅದೇ.

ಮೊದಲ್ನೇ ಸಲ ಪೂರ್ತಿ ಫ್ಲಾಪ್. ಅರ್ಧ ಕೆಜಿ ಕೈಮ ಫ್ರಿಜ್ಜಿಂದ ತೆಗೆದಿದ್ದೇ ಬಾಣಲೆಗೆ ಸುರಿದ್ಬಿಟ್ಟೆ. ಎರಡು ನಿಮಿಷಕ್ಕೆ ಬುಳುಬುಳು ಅಂತ ನೀರು ಬಿಡ್ತು, ಆ ನೀರಲ್ಲೇ ಬೆಂದು ಬೆಳ್ಳಗೆ ಉಂಡೆಉಂಡೆ ಆಗಿ, ನೋಡೋಕೆ ನೆನೆದ ಥರ್ಮಾಕೋಲ್ ಥರ ಇತ್ತು. ಆಮೇಲೆ ತಲೆಗೆ ಹೋಯ್ತು, ಮಾಂಸ ಕೆಂಪಗಾಗೋಕೆ ಸುಮಾರು 140 ಡಿಗ್ರಿ ಬಿಸಿ ಬೇಕು, ಬಾಣಲೇಲಿ ನೀರು ನಿಂತಿರೋವರೆಗೂ 100 ದಾಟಲ್ಲ, ನಮ್ಮ ಬೆಂಗಳೂರು 900 ಮೀಟರ್ ಎತ್ತರದಲ್ಲಿರೋದ್ರಿಂದ ಇಲ್ಲಿ 97ಕ್ಕೇ ಕುದಿಯುತ್ತೆ.

ಎರಡ್ನೇ ಸಲ ಬೀಡಿನ ಬಾಣಲೆ ಹೊಗೆ ಬರೋಷ್ಟು ಕಾಯಿಸಿ, ಕೈಮನ ಟಿಶ್ಯೂಲಿ ಒತ್ತಿ ಒಣಗಿಸಿ, ಎರಡು ಕಂತಲ್ಲಿ ಹಾಕ್ದೆ. ಹರಡಿ ಮೂರು ನಿಮಿಷ ಕೈ ಹಾಕ್ಲಿಲ್ಲ (ಸೌಟು ಆಡಿಸ್ದೇ ಸುಮ್ನೆ ನಿಲ್ಲೋದೇ ಇದ್ರಲ್ಲಿ ಅತೀ ಕಷ್ಟದ ಕೆಲ್ಸ). ಅಡಿ ಕಂದು ಬಂತು, ವಾಸ್ನೆ ಸೂಪರ್. ಖುಷೀಲಿ ಮೂರು ಟೊಮ್ಯಾಟೊ ರುಬ್ಬಿ ಹಾಕಿ, ಅದು ಕೊತಕೊತ ಕುದೀತಿರೋವಾಗ್ಲೇ ಪ್ಯಾಕೆಟ್ ಕ್ರೀಮ್ ಸುರಿದೆ. ಟಕ್ ಅಂತ ಒಡೆದೋಯ್ತು. ರೂಮ್‌ಮೇಟ್ ಬಂದು ಇಣುಕಿ, "ಏನ್ ಗುರು, ಪನೀರ್ ಮಾಡ್ತಿದೀಯಾ?" ಅಂದ.

ಅಮ್ಮಂಗೆ ಫೋನ್ ಮಾಡಿ ಗೋಳು ಹೇಳ್ಕೊಂಡೆ. "ಮಜ್ಜಿಗೆ ಹುಳಿಗೆ ಕಡಲೆಬೇಳೆ ನೆನೆಸಿ ರುಬ್ಬಿ ಹಾಕೋದು ಯಾಕೆ ಅಂದ್ಕೊಂಡಿದೀಯ? ಮಂದ ಬರೋಕೆ ಮಾತ್ರ ಅಲ್ಲ ಕಣೋ, ಮೊಸರು ಒಡೀಬಾರ್ದು ಅಂತ. ಮೊಸರು ಹಾಕಿದ್ಮೇಲೆ ನಾನು ಯಾವತ್ತಾದ್ರೂ ಮಳಮಳ ಕುದಿಸಿದ್ದು ನೋಡಿದೀಯಾ?" ಇಪ್ಪತ್ತು ವರ್ಷದಿಂದ ತಿಂತಾ ಇದೀನಿ, ಒಂದಿನಾನೂ ಕೇಳಿರ್ಲಿಲ್ಲ. ಹಿಟ್ಟಿನಂಶ ಇದ್ರೆ ಹುಳಿಗೂ ಬಿಸಿಗೂ ಪ್ರೋಟೀನ್ ಒಂದಕ್ಕೊಂದು ಅಂಟಿ ಗಟ್ಟಿ ಆಗಲ್ಲ. ನಮ್ಮಲ್ಲಿ ಸಿಗೋ ಪ್ಯಾಕೆಟ್ ಫ್ರೆಶ್ ಕ್ರೀಮಲ್ಲಿ ಕೊಬ್ಬು 25%, ಅಕ್ಕ ಹಾಕೋ ಹೆವಿ ಕ್ರೀಮಲ್ಲಿ 36%ಗಿಂತ ಕಮ್ಮಿ ಇರಲ್ಲ, ಅದಕ್ಕೇ ಅವಳದ್ದು ಎಷ್ಟು ಕುದಿಸಿದ್ರೂ ಜಗ್ಗಲ್ಲ.

ಮೂರನೇ ಸಲ, ಅಂದ್ರೆ ನಿನ್ನೆ. ಕೈಮ ಹಿಂದಿನ ಥರಾನೇ ಕೆಂಪಗೆ ಮಾಡಿ ತಟ್ಟೆಗೆ ತೆಗ್ದೆ. ಅದೇ ಬಾಣಲೇಲಿ ಈರುಳ್ಳಿ, ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಬೀನ್ಸು ಕ್ಯಾರೆಟ್ಟು, ಆಮೇಲೆ ದಪ್ಪ ಮೆಣಸಿನಕಾಯಿ, ಒಂದೇ ಒಂದು ಟೊಮ್ಯಾಟೊ. ಅಕ್ಕಿ ಹಿಟ್ಟು ಒಂದು ಚಮಚ ಉದುರಿಸಿ ಹಸಿ ವಾಸ್ನೆ ಹೋಗೋವರೆಗೂ ಹುರಿದು, ಒಂದು ಲೋಟ ನೀರು ಹಾಕಿ ಅಡಿ ಕೆರೆದೆ, ಅಂಟಿಕೊಂಡಿದ್ದ ಕಂದೆಲ್ಲ ಬಿಟ್ಕೊಂಡು ಗ್ರೇವಿ ಬಣ್ಣಾನೇ ಬದಲಾಯ್ತು ನೋಡಿ. ಕೈಮ ವಾಪಸ್ ಹಾಕಿ, ಪೂರ್ತಿ ಬೆಂದ್ಮೇಲೆ ಒಂದು ಹಿಡಿ ಪಾಲಕ್ ಸೇರಿಸಿ ಸ್ಟವ್ ಆಫ್. ಕ್ರೀಮಿಗೆ ಎರಡು ಸೌಟು ಬಿಸಿ ಗ್ರೇವಿ ಕಲಸಿ ಅದನ್ನ ನಿಧಾನಕ್ಕೆ ಬಿಟ್ಟೆ, ಮೇಲೆ ಕಾಳುಮೆಣಸಿನ ಪುಡಿ. ಒಡೀಲಿಲ್ಲ! ಟೈಮ್ 34 ನಿಮಿಷ, ತರಕಾರಿ ಹೆಚ್ಚೋದಕ್ಕೇ 12 ಹೋಯ್ತು, ಭಾನುವಾರವೇ ಹೆಚ್ಚಿಟ್ರೆ ಟಾರ್ಗೆಟ್ ಒಳಗೆ ಬರುತ್ತೆ.

ಬೇಕರಿ ಬ್ರೆಡ್ ಟೋಸ್ಟ್ ಮಾಡ್ಕೊಂಡು ತಿಂದ್ವಿ, ಪನೀರ್ ಅಂದವನೇ ಬಾಣಲೆ ಒರೆಸಿದ್ದು. ಉಳಿದಿದ್ದು ಇವತ್ತು ಡಬ್ಬಿಗೆ ಹಾಕೋಣ ಅಂತ ಫ್ರಿಜ್ ತೆಗೆದ್ರೆ ಹಲ್ವಾ ಥರ ಗಟ್ಟಿ ಆಗಿತ್ತು, ಸ್ವಲ್ಪ ಹಾಲು ಹಾಕಿ ಬಿಸಿ ಮಾಡಿದ್ಮೇಲೆ ಸರಿಹೋಯ್ತು. ಮುಂದಿನ ಸಲ ಅಕ್ಕಿ ಹಿಟ್ಟು ಮುಕ್ಕಾಲು ಚಮಚ.